ಗುಟ್ಟು ಬಿಟ್ಟುಕೊಡದ ನಕ್ಷೆಯಣ್ಣ

ಮನೆಯ ನಕ್ಷೆ ಬರೆಸಲು ಬಂದವರನ್ನು ನಮ್ಮ ನಕ್ಷೆಯಣ್ಣ ಮೊದಲು ನಿವೇಶನದ ಅಳತೆ ಕೇಳುತ್ತಿರಲಿಲ್ಲ; "ಮನೇಲಿ ಯಾರಿಗೆ ಯಾರನ್ನ ಕಂಡ್ರೆ ಆಗಲ್ಲ, ಅದು ಹೇಳಿ" ಎನ್ನುತ್ತಿದ್ದ. ಮಾತು ಬಿಟ್ಟ ಓರಗಿತ್ತಿಯರಿಗೆ ಎರಡು ಒಲೆ, ಗೊರಕೆ ಹೊಡೆಯುವ ಮಾವನಿಗೆ ಮನೆಯ ಆ ತುದಿ, ಮುನಿಸಿಕೊಳ್ಳುವ ಗಂಡನಿಗೆ ಹಿತ್ತಿಲಿನಿಂದೊಂದು ಬಾಗಿಲು, ಹೀಗೆ ಎಲ್ಲರ ಗುಟ್ಟೂ ಅವನ ಗೆರೆಗಳಲ್ಲಿ ಕೂತಿರುತ್ತಿತ್ತು. ಅದಕ್ಕೇ ಅವನು ಬ್ರೌಸರಿನಲ್ಲೇ ತೆರೆದರೂ ಬರೆದದ್ದನ್ನು ತನ್ನ ಲ್ಯಾಪ್‌ಟಾಪಿನಿಂದ ಆಚೆ ಕಳಿಸದ, ಕೈಗೆಟುಕುವ ಬೆಲೆಯ ಸಾಫ್ಟ್‌ವೇರ್ ಒಂದನ್ನು ಹುಡುಕಿ ಹಿಡಿದಿದ್ದ. "ದುಬಾರಿದು ತಗೊಂಡ್ರೆ ನನ್ನ ಜೇಬು ಖಾಲಿ, ಪುಕ್ಕಟೆದು ತಗೊಂಡ್ರೆ ಊರವರ ಗುಟ್ಟು ಬೀದಿಪಾಲು" ಎಂದು ನಗುತ್ತಿದ್ದ. ಟೀ ತಂದ ಹೆಂಡತಿಗೂ ಪರದೆ ಕಾಣದಂತೆ ಭುಜ ಅಡ್ಡ ಕೊಡುತ್ತಿದ್ದ. "ನಂಗ್ಯಾಕ್ರೀ ಊರವರ ಬಚ್ಚಲು?" ಎಂದು ಅವಳು ಲೋಟ ಕುಕ್ಕಿ ಹೋಗುತ್ತಿದ್ದಳು. ಹಾಸಿಗೆ ಹಿಡಿದು, ಇನ್ನು ಏಳುವುದಿಲ್ಲವೆಂದು ತಿಳಿದ ಮೇಲೆ, ಅವನು ಮೊದಲ ಸಲ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಅದರಲ್ಲಿದ್ದದ್ದು ಅವರದೇ ಮನೆ. "ಏನು ಬದಲಾಯಿಸ್ಬೇಕು, ನೀನೇ ಹೇಳೇ" ಎಂದ. ಅಡುಗೆಮನೆಗೂ ಅವನು ಮಲಗಿದ್ದ ಕೋಣೆಗೂ ನಡುವಿನ ಗೋಡೆಯ ಮೇಲೆ ಅವಳು ಬೆರಳಿಟ್ಟಳು: "ಒಲೆ ಮುಂದೆ ನಿಂತಾಗ ನೀವು ಕಾಣ್ಬೇಕು." ಅವನು ಅಷ್ಟು ಗೆರೆ ಅಳಿಸಿದ, ಮೇಸ್ತ್ರಿ ಬಂದು ಅಲ್ಲೊಂದು ಕಿಟಕಿ ತೆರೆದ. ಈಚೆಗೆ, ನಕ್ಷೆಯಣ್ಣ ಹೋದ ಮೇಲೆ, ಅದೇ ಮೇಸ್ತ್ರಿ ಬಂದು ಕಿಟಕಿ ಮುಚ್ಚಿಬಿಡಲೇ ಎಂದು ಮೆಲ್ಲಗೆ ಕೇಳಿದ. "ಬೇಡಪ್ಪ," ಎಂದಳು ಅವಳು. "ಒಲೆ ಹಚ್ಚಿದ್ರೆ ಕತ್ತು ತಾನಾಗೇ ಆ ಕಡೆ ತಿರುಗುತ್ತೆ. ಗೋಡೆ ಇದ್ರೆ ಏನ್ ನೋಡ್ಲಿ?"