ಸೋತರೆ ಒಂದು ಅಂಕ

೧೯೮೯ರಲ್ಲಿ ನಾನು ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಸಂತೆಕಲ್ಲೂರಿನ ಕುರಿ ಕಾಯುವ ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನೇ, ಹೇಳಿಕೊಳ್ಳಲು ಸಂಕೋಚವಿಲ್ಲ.

ತರಬೇತಿಗೆಂದು ಹೈದರಾಬಾದಿಗೆ ಹೋದಾಗ ಫುಟ್‌ಪಾತಿನಲ್ಲಿ ಒಂದು ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ರೋಲ್ ಪ್ಲೇಯಿಂಗ್ ಗೇಮಿನ ನಿಯಮಗಳು. ಒಬ್ಬೊಬ್ಬರೂ ಒಂದು ಪಾತ್ರವಾಗಿ ಬಾಯಲ್ಲೇ ಕಥೆ ನಡೆಸುವ ಆಟ ಅದು. ಪಾತ್ರದ ಬಲ, ಬುದ್ಧಿ, ಮಾತಿಗೆ ಅಂಕಗಳಿರುತ್ತವೆ. ಅದೇ ಅಬಿಲಿಟಿ ಸ್ಕೋರ್. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಒಂಬತ್ತನೇ ತರಗತಿಯವರೊಂದಿಗೆ ಆಡತೊಡಗಿದೆ. ದಾಳದ ಬದಲು ಆರು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆಗಳು ಪಾತ್ರದ ಅಂಕಕ್ಕಿಂತ ಹೆಚ್ಚಾದರೆ ಸೋಲು.

ಪುಸ್ತಕದ ಪ್ರಕಾರ ಗೆದ್ದವನ ಅಂಕ ಏರಬೇಕು. ಕಿರಾಣಿ ಅಂಗಡಿಯವರ ಮಗ ಸಲೀಮ ಜಗಳಕ್ಕೇ ನಿಂತ: “ಗೆದ್ದಾಂವಗ ಯಾಕ್ರೀ ಸರ್? ಅಂವಗ ಬರ್ತದಲ್ಲ! ಬಿದ್ದಾಂವಗ ಕೊಡ್ರಿ.”

ಅಂದಿನಿಂದ ನಮ್ಮದೇ ನಿಯಮ: ಯಾವುದರಲ್ಲಿ ಸೋತರೋ ಅದರಲ್ಲೇ ಒಂದು ಅಂಕ ಏರಿಕೆ, ಶನಿವಾರಕ್ಕೊಮ್ಮೆ ಮಾತ್ರ.

ಅದೇ ತರಗತಿಯ ಹುಲಿಗೆಮ್ಮನ ಪಾತ್ರದ ಹೆಸರು ಗಂಗಿ. ಬಲ ಐದು, ಮಾತು ಒಂದೇ ಒಂದು.

“ಊರಗೌಡ ದಾರಿ ಬಿಡಂಗಿಲ್ಲ ಅಂತಾನ. ಏನು ಹೇಳ್ತಿ?” ಎಂದು ಗಂಗಿಯನ್ನು ಕೇಳಿದೆ.

“ಏನೂ ಹೇಳಂಗಿಲ್ರಿ. ಎತ್ತಿ ಆ ಕಡಿ ಇಡ್ತೀನಿ.”

“ಗೌಡ ಏನು ಜ್ವಾಳದ ಚೀಲೇನಬೇ?” ಎಂದ ಸಲೀಮ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮಾತಾಡಲು ಹೋದರಲ್ಲವೇ ಸೋಲುವುದು? ಆಕೆಯ ಆ ಅಂಕ ಒಂದರಲ್ಲೇ ಉಳಿಯಿತು.

ಒಂದು ಶನಿವಾರ ಆಟದ ನಡುವೆ ಆಕೆಯ ಅಪ್ಪ ಹನುಮಪ್ಪ ಬಂದ. ಮನೆಮಂದಿಯೆಲ್ಲ ಭತ್ತದ ನಾಟಿಯ ಕೂಲಿಗೆ ವಳಕಮದಿನ್ನಿಯ ಕಡೆ ಹೊರಟಿದ್ದರು. ಮಗಳ ಟಿಸಿ ಬೇಕಿತ್ತು. ಹೋದರೆ ಆಕೆಯ ಓದು ಅಲ್ಲಿಗೇ ಮುಗಿಯುತ್ತದೆಂದು ನಮಗೆಲ್ಲ ಗೊತ್ತಿತ್ತು.

“ಹಾಸ್ಟೆಲಿನ್ಯಾಗ ಸೀಟು ಕೊಡಸ್ತೀನಿ, ಬಿಟ್ಟು ಹೋಗ್ರಿ,” ಎಂದೆ.

“ಬ್ಯಾಡ್ರೀ ಸರ. ಹೆಣ್ಣುಹುಡುಗಿ, ಕಣ್ಣಮುಂದ ಇರ್ಲಿ.”

ಹುಲಿಗೆಮ್ಮ ಎದ್ದು ನಿಂತಳು. “ಯಪ್ಪಾ, ನಾ ಇಲ್ಲೇ ಇರ್ತೀನಿ. ಓದ್ತೀನಿ.”

“ಸುಮ್ಕ ನಡೀಬೇ!”

ಸಲೀಮ ಕೂತಲ್ಲಿಂದಲೇ ಕೂಗಿದ: “ಸರ್, ಸೋತಾಳ! ಮಾತು ಎರಡು ಮಾಡ್ರಿ!”

ಈ ಸಲ ಯಾರೂ ನಗಲಿಲ್ಲ. ಹುಲಿಗೆಮ್ಮ ಕಣ್ಣೊರೆಸಿಕೊಂಡು ಅಪ್ಪನನ್ನೇ ನೋಡಿದಳು.

“ಬರೋ ಶನಿವಾರ ಮತ್ತ ಕೇಳ್ತೀನಿ, ಯಪ್ಪಾ.”

ಹನುಮಪ್ಪ ಟಿಸಿ ಒಯ್ದ, ಆಕೆಯೂ ಹೋದಳು. ಮುಂದೆ ನನಗೆ ಲಿಂಗಸುಗೂರಿಗೆ, ಆಮೇಲೆ ಸಿಂಧನೂರಿಗೆ ವರ್ಗವಾಯಿತು. ಆ ಆಟ ಮತ್ತೆ ಕೂಡಿಬರಲಿಲ್ಲ. ಗೆದ್ದ ಅಂಕ ತೋರಿಸಿಯೇ ನೌಕರಿ ಹಿಡಿದವನು ನಾನು. ಸೋತ ಕಡೆಗೂ ಅಂಕ ಕೊಡಬೇಕೆಂಬುದನ್ನು ಈ ನೌಕರಿ ಕಲಿಸಿತು.

ನಾಟಿಯ ದಿನಗಳಲ್ಲಿ ಬಸ್ಸು ಗದ್ದೆಗಳ ಪಕ್ಕ ಹಾಯುವಾಗ, ಬಗ್ಗಿ ನಿಂತ ಹೆಣ್ಣುಮಕ್ಕಳ ಸಾಲಿನಲ್ಲಿ ಆಕೆ ಕಾಣಬಾರದೆಂದು ಬೇಡಿಕೊಳ್ಳುತ್ತಲೇ ಹುಡುಕುತ್ತಿದ್ದೆ. ಇನ್ನೆಷ್ಟು ಶನಿವಾರ ಕೇಳಿದಳೋ.