ಒದ್ದೆ ಗಂಟನ್ನು ಬಿಟ್ಟುಕೊಡದ ಉಗಿಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಗಿಯಕ್ಕ ಆಟೋಕ್ಲೇವ್‌ನ ಬಾಗಿಲು ತೆರೆಯುತ್ತಾರೆ. ಆನೆಮರಿಯೊಂದು ಕಾಲು ಚಾಚಿ ಮಲಗಬಹುದಾದ ಆ ಉಕ್ಕಿನ ಹೊಟ್ಟೆಯಲ್ಲಿ ಆಪರೇಷನ್ ಬಟ್ಟೆಗಳ ಗಂಟುಗಳು ಉಗಿಯಲ್ಲಿ ಬೆಂದು ಶುದ್ಧವಾಗುತ್ತವೆ. ದಿನಕ್ಕೆ ನೂರಿಪ್ಪತ್ತು ಗಂಟು. ಒದ್ದೆ ಬಟ್ಟೆಯನ್ನು ಇವರಷ್ಟು ಅನುಮಾನಿಸುವವರು ಮೂರು ಲೋಕದಲ್ಲೂ ಇಲ್ಲ. ಇದ್ದರೆ ಕರೆತನ್ನಿ, ನನ್ನ ಮೀಸೆ ಬೋಳಿಸುತ್ತೇನೆ.

ಇಂದು ಮೊದಲ ಗಂಟಿನ ಅಡಿಯೇ ತೇವ. ಎರಡನೆಯದೂ ಅಷ್ಟೆ. ಎಂಟಕ್ಕೆ ಆರು ವರ್ಷದ ಹುಡುಗಿಯ ಹೊಟ್ಟೆಯ ಆಪರೇಷನ್. ಒದ್ದೆ ಬಟ್ಟೆಯಲ್ಲಿ ಕ್ರಿಮಿ ನುಸುಳಿದರೆ ಗಾಯ ಕೀವಾಗುತ್ತದೆ. ಆಪರೇಷನ್ ತಡಮಾಡಿದರೆ ಮಗುವಿನ ಜೀವಕ್ಕೇ ಅಪಾಯ.

ಮೆಕ್ಯಾನಿಕ್ ಓಡಿ ಬರುತ್ತಾರೆ. ಹದಿನೆಂಟನೇ ವಯಸ್ಸಿನಿಂದ ಇದೊಂದೇ ಯಂತ್ರ ಹಿಡಿದವರು. ಅದರ ಪ್ರತಿ ತಿರುಪಿನ ಜಾತಕವೂ ಬಾಯಿಪಾಠ. ವಾಲ್ವ್ ಬಿಚ್ಚಬೇಕು, ಮಧ್ಯಾಹ್ನವಾಗುತ್ತದೆ ಎನ್ನುತ್ತಾರೆ. ತಪ್ಪು ಯಂತ್ರದ್ದಲ್ಲವೆಂದು ಉಗಿಯಕ್ಕ ಹೇಳಿದರೆ ಅವರಿಗೆ ನಗು.

"ಹತ್ತು ಕಡೆ ಕೆಲಸ ಬಿಟ್ಟು ಬಂದೋರು, ನೀವು ನನಗೆ ಮಿಷನ್ ಕಲಿಸ್ತೀರಾ ಅಕ್ಕ?"

ಬಿಟ್ಟದ್ದು ನಿಜ. ಬೇಕರಿಯಲ್ಲಿ ಆರು ವರ್ಷ, ದರ್ಜಿ ಅಂಗಡಿಯಲ್ಲಿ ನಾಲ್ಕು, ಆಮೇಲೆ ಲಾಂಡ್ರಿ, ಅಂಚೆ ಮೂಟೆ. ಅಕ್ಕ ಕೂತ ಬೆಂಚು ಬಿಸಿಯಾಗೋ ಮೊದಲೇ ಏಳ್ತಾಳೆ ಎಂದು ತಮ್ಮ ಈಗಲೂ ಕಿಚಾಯಿಸುತ್ತಾನೆ. ಜೊತೆಗಾರರೆಲ್ಲ ಒಂದೇ ಕಡೆ ಬೇರು ಬಿಟ್ಟು ಮೇಸ್ತ್ರಿಗಳಾದರು. ಇವರು ನಲವತ್ನಾಲ್ಕರಲ್ಲಿ ಹೊಸಬರಾಗಿ ಇಲ್ಲಿಗೆ ಸೇರಿದರು.

ಈಗ ಉಗಿಯಕ್ಕನ ದರ್ಜಿ ಬೆರಳು ಬಟ್ಟೆಯ ಅಂಚನ್ನು ಉಜ್ಜುತ್ತದೆ. ನಿನ್ನೆ ಬಂದ ಹೊಸ ಬಟ್ಟೆ, ನೇಯ್ಗೆ ದಪ್ಪ. ಮಡಿಕೆ ಮಾತ್ರ ಹಳೆಯ ತೆಳು ಬಟ್ಟೆಯ ಲೆಕ್ಕದ್ದೇ. ಗಂಟುಗಳು ಒಂದಕ್ಕೊಂದು ಒತ್ತಿಕೊಂಡಿವೆ.

"ಬೇಕರಿಯಲ್ಲಿ ತಟ್ಟೆ ತಟ್ಟೆಗೆ ಅಂಟಿಸಿಟ್ರೆ ಒಲೆ ಎಷ್ಟೇ ಚೆನ್ನಾಗಿರಲಿ, ನಡು ಬ್ರೆಡ್ಡು ಹಸಿನೇ. ಉಗಿಗೂ ಓಡಾಡೋಕೆ ದಾರಿ ಬೇಕಲ್ವಾ ಅಣ್ಣ?"

ಈ ವಿಭಾಗದ ಉಸ್ತುವಾರಿಯ ನರ್ಸಮ್ಮ ಇಬ್ಬರ ಮುಖ ನೋಡಿ, ಒಂದೇ ಒಂದು ಅವಕಾಶ ಕೊಡುತ್ತಾರೆ. ಉಗಿಯಕ್ಕ ಹೊಸದಾಗಿ ಸಡಿಲವಾಗಿ ಕಟ್ಟಿದ ಗಂಟುಗಳನ್ನು ಬೆರಳಗಲ ಬಿಟ್ಟು ನಿಲ್ಲಿಸಿ, ಮೂರರಲ್ಲೊಂದನ್ನು ಹೊರಗಿಟ್ಟು, ಬಾಗಿಲು ಬಿಗಿಯುತ್ತಾರೆ. ಮುಂದಿನ ಒಂದು ಗಂಟೆ ಒಂದು ಯುಗದಷ್ಟು ಉದ್ದ. ಅವರು ಕೂರುವುದಿಲ್ಲ. ತಾನು ತಪ್ಪಿದ್ದರೆ ವಾಲ್ವ್ ಬಿಚ್ಚುವುದು ಇನ್ನೊಂದು ಗಂಟೆ ತಡವಾಯಿತೆಂದು ಗೊಣಗುತ್ತಾ, ನೆಲ ಸವೆಯುವಷ್ಟು ಓಡಾಡುತ್ತಾರೆ.

ಏಳು ಇಪ್ಪತ್ತಕ್ಕೆ ಬಾಗಿಲು ತೆರೆಯುತ್ತದೆ. ಈ ಬಾರಿ ಮೆಕ್ಯಾನಿಕ್ಕೇ ಕೈಗವಸು ತೊಟ್ಟು ಗಂಟೊಂದನ್ನು ಎತ್ತುತ್ತಾರೆ, ತಿರುಗಿಸುತ್ತಾರೆ, ಇನ್ನೊಂದನ್ನು ಎತ್ತುತ್ತಾರೆ. ಗರಿಗರಿ. ಗಂಟುಗಳ ಗಾಡಿಯನ್ನು ಲಿಫ್ಟಿನವರೆಗೆ ತಾವೇ ತಳ್ಳುತ್ತಾರೆ.

ಇದನ್ನೆಲ್ಲ ಬರೆದುಕೊಳ್ಳುತ್ತಾ ನಿಂತಿದ್ದ ನಾನು, ಇದಕ್ಕೆ ಪ್ರತಿಯಾಗಿ ಏನು ಬೇಕು ನಿಮಗೆ ಎಂದು ಕೇಳುತ್ತೇನೆ. ಉಗಿಯಕ್ಕ ಹೊರಗುಳಿದ ಗಂಟುಗಳನ್ನು ಒಳಗೆ ಜೋಡಿಸುತ್ತಾ ಲಿಫ್ಟಿನ ಕಡೆ ಕೈ ತೋರಿಸುತ್ತಾರೆ.

"ನಾಲ್ಕನೇ ದಿನ ಆ ಮಗೂ ಗಾಯ ಒಣಗಿತಾ ಇಲ್ವಾ ಅಂತ ಯಾರಾದ್ರೂ ಇಳಿದು ಬಂದು ಹೇಳಿದ್ರೆ ಸಾಕು. ಈ ಕೆಳಗಡೆಗೆ ಯಾರೂ ಏನೂ ಹೇಳೋಕೆ ಬರಲ್ಲ."