ಡೇರಿ ಹಲಗೆಯ ಮೇಲಿನ ಪದ

ಬೂದಿಕೋಟೆ ಹತ್ತಿರದ ಆ ಹಳ್ಳಿಯ ಡೇರಿಯಲ್ಲಿ ಮಕ್ಕಳು ಹಾಲು ಹಾಕಬೇಕೆಂದರೆ ಹಾಲೊಂದಿದ್ದರೆ ಸಾಲದು, ಒಂದು ಇಂಗ್ಲಿಷ್ ವಾಕ್ಯವೂ ಬೇಕು. ಇದು ಸರ್ಕಾರದ ನಿಯಮವಲ್ಲ, ಕಾರ್ಯದರ್ಶಿ ತ್ರಿವೇಣಿಯ ನಿಯಮ. ಹಾಗಾಗಿ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದವಳೇ ಕರಿಹಲಗೆಯ ಮೇಲೆ ಒಂದು ಪದ, ಅದರ ಕೆಳಗೆ ಕನ್ನಡದ ಅರ್ಥ ಬರೆಯುತ್ತಾಳೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಮಕ್ಕಳು ತಮ್ಮ ಸರದಿ ಬರುವಷ್ಟರಲ್ಲಿ ಆ ಪದ ಸೇರಿಸಿ ವಾಕ್ಯ ಕಟ್ಟಿರಬೇಕು. ಪುಸ್ತಕದ ವಾಕ್ಯ ಆಗದು. ಅವತ್ತು ಅವರ ಮನೆಯಲ್ಲೇ ನಡೆದದ್ದಿರಬೇಕು.

ಇದಕ್ಕೆ ಕಾರಣ ಅರ್ಚನ. ಬಂಗಾರಪೇಟೆಯಲ್ಲಿ ಪಿಯುಸಿ ಓದುವ ಈ ಹುಡುಗಿ ವಾರಕ್ಕೆ ಐವತ್ತು ಪದ ಉರು ಹೊಡೆಯುತ್ತಿದ್ದಳು. ಒಂದು ದಿನ ತ್ರಿವೇಣಿ, "ಅಬಂಡೆಂಟ್ ಅಂದ್ರೆ ಏನಮ್ಮ?" ಎಂದಳು. "ಹೇರಳ" ಎಂದು ಫಟ್ಟನೆ ಉತ್ತರ ಬಂತು. "ನಿಮ್ಮನೇಲಿ ಏನು ಅಬಂಡೆಂಟು?" ಎಂದರೆ ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟಳು. ಹಿಂದಿನಿಂದ ಯಾರೋ "ಸೊಳ್ಳೆ" ಎಂದರು. ಸಾಲಿಗೆ ಸಾಲೇ ನಕ್ಕಿತು. ಉಳಿದ ನಲವತ್ತೊಂಬತ್ತು ಪದ ತಿಂಗಳಲ್ಲಿ ಮರೆತುಹೋದವು, ಆ ಒಂದು ಮಾತ್ರ ಅರ್ಚನಳ ನಾಲಿಗೆಯ ಮೇಲೆ ಉಳಿಯಿತು. ತ್ರಿವೇಣಿ ಇದನ್ನು ಗಮನಿಸಿದ ಮಾರನೆಯ ದಿನವೇ ಹಲಗೆ ಬಂತು.

ತ್ರಿವೇಣಿಗೆ ಪದಗಳ ಹುಚ್ಚು ಹಿಡಿದದ್ದು ಹಟಕ್ಕೆ. ಹತ್ತೊಂಬತ್ತು ವರ್ಷದ ಹಿಂದೆ ಎರಡನೇ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದಳು. ಮತ್ತೆ ಕಟ್ಟುವ ಮೊದಲೇ ಮದುವೆಯಾಯಿತು. ತವರು ಕೋರಮಂಡಲ್‌ಗೆ ಹೋದಾಗ ಗುಜರಿ ಅಂಗಡಿಯಿಂದ ರಟ್ಟು ಕಿತ್ತುಹೋದ ನಿಘಂಟೊಂದನ್ನು ತಂದು, ದನಕ್ಕೆ ಹುಲ್ಲು ಹಾಕಿ ಉಳಿದ ಹೊತ್ತಿನಲ್ಲಿ ನಾಲ್ಕು ನೋಟ್‌ಬುಕ್ ತುಂಬಿಸಿದಳು. ಇಷ್ಟೆಲ್ಲ ಆದರೂ ಬಾಯಿಬಿಟ್ಟು ಒಂದೇ ಒಂದು ಇಂಗ್ಲಿಷ್ ವಾಕ್ಯ ಆಡಿದವಳಲ್ಲ. ಮಕ್ಕಳಿಂದ ಆಡಿಸುವಳು, ತಾನು ಮಾತ್ರ ಹಾಲಿನ ಅಳತೆ ನೋಡುತ್ತಾ ಜಾರಿಕೊಳ್ಳುವಳು. ಇಂಗ್ಲಿಷಿಗೆ ಮತ್ತೆ ಪರೀಕ್ಷೆ ಕಟ್ಟುವ ಅರ್ಜಿಯನ್ನು ಅರ್ಚನ ತಂದುಕೊಟ್ಟು ಮೂರು ವಾರವಾಗಿತ್ತು. ಅದು ಡೇರಿಯ ಬೂಸಾ ಮೂಟೆಗಳ ಹಿಂದಿನ ಗೂಡಿನಲ್ಲಿ ಕೂತಿತ್ತು, ಅರ್ಚನಳ ಕಣ್ಣಿಗೂ ಬಿದ್ದಿತ್ತು. ಶನಿವಾರ ಕೊನೆಯ ದಿನ.

ಗುರುವಾರದ ಪದ ರಿಲಕ್ಟೆಂಟ್. ಮನಸ್ಸಿಲ್ಲದೆ ಹಿಂಜರಿಯುವುದು ಎಂದು ಕೆಳಗೆ ಬರೆದಿದ್ದಳು. ಪದ ಕಷ್ಟದ್ದು, ಮಕ್ಕಳು ತಡವರಿಸಿದರು, ಸಾಲು ನಿಂತಲ್ಲೇ ನಿಂತಿತು. ಹೊರಗೆ ಹಾಲಿನ ವ್ಯಾನು ಹಾರನ್ ಬಡಿಯತೊಡಗಿತು. ಡೇರಿಯ ಅಧ್ಯಕ್ಷ ಕೋದಂಡಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ.

"ವ್ಯಾನು ಓಗ್ಬಿಟ್ರೆ ಈ ಆಲೆಲ್ಲ ನೀನ್ ಕುಡೀತೀಯೇನಮ್ಮ? ಇಂಗ್ಲೀಸ್‌ನಾಗೆ ಡುಮ್ಕಿ ಒಡ್ದೋಳು ನೀನು, ಇವರ್ಗೇನು ಕಲಿಸ್ತೀಯ?"

ಅರ್ಚನಳನ್ನು ಬಿಟ್ಟರೆ ಉಳಿದ ಮಕ್ಕಳಿಗೆ ಅದುವರೆಗೆ ಆ ಸಂಗತಿ ಗೊತ್ತಿರಲಿಲ್ಲ. ತ್ರಿವೇಣಿಯ ಮುಖ ಸುಟ್ಟ ಹಾಗಾಯಿತು. ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆ ಒರೆಸಿದಳು. ಮನೆಗೆ ಹೋಗಿ ಒಲೆಯ ಮುಂದೆ ಕೂತು ಮನಸಾರೆ ಅತ್ತಳು.

ಶುಕ್ರವಾರ ಹಲಗೆ ಬೋಳಾಗಿತ್ತು. ಸಾಲು ಸರಸರ ಸಾಗುತ್ತಿತ್ತು, ಮಾತಿಲ್ಲ, ನಗುವಿಲ್ಲ. ಕೋದಂಡಪ್ಪ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದ. ಅರ್ಚನಳಿಗೆ ಜ್ವರ, ಅವಳ ಬದಲು ಅಜ್ಜಿ ಮುನಿನಾರಾಯಣಮ್ಮ ಕ್ಯಾನು ತಂದಿದ್ದಳು. ಹೆಬ್ಬೆಟ್ಟಿನ ಹೆಂಗಸು. ಕ್ಯಾನು ಇಟ್ಟಳು, ಮುಚ್ಚಳ ಮಾತ್ರ ಬಿಡಲಿಲ್ಲ.

"ಪದ ಎಲ್ಲಮ್ಮ?"

"ಪದ ಇಲ್ಲ ಅಜ್ಜಿ. ಆಲು ಆಕು."

"ಅಂಗಾದ್ರೆ ನೆನ್ನೆ ಪದಕ್ಕೇ ಏಳ್ತೀನಿ. ನಮ್ಮುಡ್ಗಿ ಜ್ವರದಾಗೂ ಅದ್ನೇ ಗೊಣಗ್ತಾವ್ಳೆ." ಮುದುಕಿ ಗಂಟಲು ಸರಿಮಾಡಿಕೊಂಡಳು. "ನಮ್ಮ ಅಸು ಇವತ್ತು ರಿಲಕ್ಟೆಂಟು. ಕರೂನ ಬಿಡೋಗಂಟ ಆಲು ಇಳಿಸ್ಲಿಲ್ಲ. ಅಸೂಗಾದ್ರೆ ಕರ ಬಿಟ್ರಾಯ್ತು. ಅರ್ಜೀನ ಮೂಟೆ ಇಂದೆ ಬಚ್ಚಿಟ್ಕೊಂಡು ಕುಂತವ್ಳಿಗೆ ಏನ್ ಬಿಡಬೇಕು, ನೀನೇ ಏಳು!"

ಸಾಲು ಗೊಳ್ಳೆಂದಿತು. ನಗು ನಿಂತ ಮೇಲೆ ಒಬ್ಬಳು ಪುಟ್ಟ ಹುಡುಗಿ, "ಅಕ್ಕ, ನೀವೂ ಒಂದು ವಾಕ್ಯ ಏಳಿ" ಎಂದಳು. ಎಲ್ಲರ ಕಣ್ಣೂ ತ್ರಿವೇಣಿಯ ಮೇಲೆ. ಅವಳು ಅಳತೆ ಪಾತ್ರೆಯ ಕಡೆ ನೋಡಿದಳು, ಅಲ್ಲಿ ಹಾಲೇ ಇರಲಿಲ್ಲ, ಮುದುಕಿ ಮುಚ್ಚಳ ಬಿಟ್ಟರೆ ತಾನೇ.

"ಐ ವಾಸ್ ರಿಲಕ್ಟೆಂಟ್," ಎಂದಳು. "ಫಾರ್ ನೈನ್‌ಟೀನ್ ಇಯರ್ಸ್."

"ಏನಂದ್ಲು?" ಎಂದು ಮುನಿನಾರಾಯಣಮ್ಮ ಸುತ್ತ ಕೇಳಿದಳು. ಮಕ್ಕಳು ಹೇಳಿದರು. "ಊಂ, ಈಗ ಆಲು ಅಳ್ಕೊ" ಎಂದು ಮುಚ್ಚಳ ತೆಗೆದಳು.

ಕೋದಂಡಪ್ಪ ಕೆಮ್ಮಿದ. ಕ್ಷಮೆ ಕೇಳುವ ಜಾಯಮಾನ ಅವನದಲ್ಲ. "ಪದಾನ ಸಾಯಂಕಾಲ್ವೇ ಬರ್ದಾಕು ತಾಯಿ. ಐಕ್ಳು ಮನೇಲೇ ಕಲ್ತ್ಕೊಂಡು ಬರ್ಲಿ. ವ್ಯಾನಿಗೆ ತಡ ಆಗ್ದಿದ್ರೆ ಸಾಕು ನಂಗೆ" ಎಂದು ಹೊರಗೆ ನಡೆದ.

ಅವತ್ತೇ ಹತ್ತು ಗಂಟೆಯ ಬಸ್ಸಿಗೆ ತ್ರಿವೇಣಿ ಬಂಗಾರಪೇಟೆಗೆ ಹೋದಳು. ಕಾಲೇಜಿನ ಕಿಟಕಿಯ ಮುಂದೆ ಉದ್ದ ಸಾಲು, ಎಲ್ಲ ಎಳೆಯ ಮುಖಗಳು. ಅವಳ ಸರದಿ ಬಂದಾಗ ಒಳಗಿದ್ದ ಗುಮಾಸ್ತ ಅರ್ಜಿಯನ್ನು ಇಸಕೊಂಡು, ತಲೆ ಎತ್ತದೆಯೇ, "ಯಾರದಮ್ಮ, ಮಗಳದಾ?" ಎಂದ.

"ನಂದೇ ಸಾರ್" ಎಂದಳು ತ್ರಿವೇಣಿ, ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.